ಗೋಡೆಯ ಮೇಲಿನ ಭಾವ

ಅಕ್ಕಾ,

ನೆಲದ ಮೇಲಿನ ರಕ್ತ ನೋಡಿ ಗಾಬರಿಯಾಗಬೇಡ. ಹೆಚ್ಚಿನದು ಭಾವನದು. ಇನ್ನು ಮುಂದೆ ಅವನಿಗೆ ಬಹುವಚನ ಇಲ್ಲ.

ನೀನು ಕೆಲಸಕ್ಕೆ ಹೋದ ಅರ್ಧ ಗಂಟೆಗೆ ಕಬ್ಬಿಣದ ಸರಳು ಹಿಡಿದು ಬಂದ. ಚಿಲಕ ಕಿತ್ತು ನುಗ್ಗಿ, "ಎಲ್ಲೇ ಅವಳು? ಇವತ್ತು ಕೊಂದೇ ಹೋಗೋದು" ಅಂದ. ನಾನು ಬಾಯಿ ಬಿಡಲಿಲ್ಲ. ನನ್ನ ಎಡಗೈಗೆ ಹೊಡೆದ, ನಾನು ಚಿತ್ರ ಬರೆಯುವ ಸ್ಟ್ಯಾಂಡು ಮುರಿದ. ಅದರ ಮುರಿದ ಕಾಲನ್ನೇ ಎತ್ತಿ ಅವನ ಬಾಯಿಗೆ ಬಾರಿಸಿದೆ. ಎರಡನೇ ಏಟಿಗೆ ಮೂಲೆಯಲ್ಲಿ ಮುದುರಿ ಕೂತು, "ಬೇಡ ತಾಯಿ, ಬಿಟ್ಬಿಡು" ಅಂತ ಅತ್ತ. ಆಮೇಲೆ ಎದ್ದು ಓಡಿದ.

ಬಾಗಿಲ ಬಳಿ ಬಿದ್ದಿರುವ ಹಲ್ಲನ್ನು ಗುಡಿಸಬೇಡ, ಪೊಲೀಸರಿಗೆ ತೋರಿಸಬೇಕು. ಬಾಗಿಲಿಗೆ ಮೇಜು ಅಡ್ಡ ಇಟ್ಟುಕೋ. ನಾನು ಕೆಳಗಿನ ಮನೆ ಟೈಲರಮ್ಮನ ಜೊತೆ ಆಸ್ಪತ್ರೆಗೆ ಹೋಗಿ, ಹೊಲಿಗೆ ಹಾಕಿಸಿಕೊಂಡು, ಹಾಗೇ ಸ್ಟೇಷನ್ನಿಗೆ ಹೋಗುತ್ತೇನೆ.

ಅಡುಗೆ ಮಾಡಿಲ್ಲ, ಬೈಯಬೇಡ. ಚಿತ್ರ ಬರೆಯುತ್ತಾ ಕೂತುಬಿಟ್ಟೆ. ನೀನು ದವಡೆ ಮುರಿಸಿಕೊಂಡು ಈ ಮನೆಗೆ ಬಂದ ದಿನದಿಂದ ನನಗೆ ಒಂದು ಗೆರೆಯನ್ನೂ ಎಳೆಯಲಾಗಿರಲಿಲ್ಲ. ಎರಡು ವರ್ಷ! ಇವತ್ತು ಅವನು ಓಡಿದ ಮೇಲೆ, ಗಾಯಕ್ಕೆ ಬಟ್ಟೆ ಸುತ್ತಿಕೊಂಡು, ಇದ್ದಿಲಿನಿಂದ ಗೋಡೆಯ ಮೇಲೇ ಬರೆದೆ. ಮೂಲೆಯಲ್ಲಿ ಮುದುರಿದ್ದ ಅವನ ಮುಖ ಅದು. ಅಳಿಸಬೇಡ. ಹತ್ತಿರ ಹೋಗಿ ನೋಡು ಅಕ್ಕಾ. ನಾವು ಇಷ್ಟು ವರ್ಷ ಹೆದರಿದ್ದು ಇಷ್ಟಕ್ಕೇ.