ಮೂರನೇ ಕಿಟಕಿಯ ಕುರ್ಚಿ

ಮಾನ್ಯ ನಿರ್ದೇಶಕಿ ರೊಸಾಲಿಂಡ್ ಪ್ರೈಸ್ ಅವರಿಗೆ,

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ಜನನ-ಮರಣ ನೋಂದಣಿ ಕಚೇರಿಯ ಗುಮಾಸ್ತೆ ಗೆರ್ಡಾ, 1974ರ ಜನವರಿಯಲ್ಲಿ, ಊಟದ ಹೊತ್ತಿನಲ್ಲಿ. ನಿಂತ ಜನ ಬೇಗ ಹೋಗುತ್ತಾರೆಂದು ಕಚೇರಿ ಸುಧಾರಣೆಗೆಂದು ಬಂದಿದ್ದ ಸಲಹೆಗಾರ, ಜನ ಬಂದು ವಿವರ ಬರೆಸುವ ಕಿಟಕಿಗಳ ಮುಂದಿನ ಕುರ್ಚಿಗಳನ್ನೆಲ್ಲ ತೆಗೆಸಿದ್ದ. ಒಬ್ಬರಿಗೆ ನಾಲ್ಕೇ ನಿಮಿಷ ಎಂದು ಗಡಿಯಾರ ಹಿಡಿದು ನಮ್ಮ ಹಿಂದೆಯೇ ನಿಲ್ಲುತ್ತಿದ್ದ.

"ಒಬ್ಬ ಅಜ್ಜ ಹೆಂಡ್ತಿ ಸಾವು ಬರೆಸೋಕೆ ಬಂದಿದ್ದ ಕಣ್ರೋ. ಹೆಸರು ಹೇಳಿ ಅಂದೆ. 'ಸ್ವಲ್ಪ ತಾಳಮ್ಮ, ಸರ್ಕಾರದೋರಿಗೆ ಅವಳ ಹೆಸರು ಹೇಳೋದು ಇದೇ ಕೊನೇ ಸಲ. ಕೂತ್ಕೊಂಡು ಹೇಳ್ತೀನಿ' ಅಂದ. ನನ್ನ ಕುರ್ಚಿ ಕೊಡೋಣ ಅಂದ್ರೆ ಕಿಟಕಿಯಲ್ಲಿ ತೂರಲಿಲ್ಲ. ಅಷ್ಟರಲ್ಲಿ ಆ ಗಡಿಯಾರದ ಮಹಾಶಯ 'ನಾಲ್ಕಾಯ್ತು' ಅಂದ!"

"ನೀನೇ ಕಿಟಕಿ ಹಾರಬೇಕಿತ್ತು" ಎಂದ ಪಕ್ಕದ ಕಿಟಕಿಯ ಗುಮಾಸ್ತ ಆರ್ನೆ. ಯಾರೂ ನಗಲಿಲ್ಲ.

ಈಗ ನೀವೂ ಅದೇ ಕಚೇರಿಯ ಕುರ್ಚಿಗಳನ್ನು ತೆಗೆಸುತ್ತೀರೆಂದು ಪತ್ರಿಕೆಯಲ್ಲಿ ಓದಿದೆ. ಮೂರನೇ ಕಿಟಕಿಯ ಮುಂದಿರುವ ಹಸಿರು ಕುರ್ಚಿ ನಮ್ಮ ಅಡುಗೆಮನೆಯದು. ಹೋದ ವರ್ಷ ನನ್ನ ಹೆಂಡತಿ ಮಾರ್ಗಿಟ್‌ಳ ಹೆಸರನ್ನು ನಾನು ಅದರ ಮೇಲೆ ಕುಳಿತೇ ಬರೆಸಿದೆ. ದಯವಿಟ್ಟು ಅದೊಂದನ್ನು ಉಳಿಸಿ. ಒಂದು ಕಾಲು ಅಲುಗುತ್ತದೆ, ನಾನೇ ಬಂದು ಸರಿಮಾಡಿ ಕೊಡುತ್ತೇನೆ.

ಅದು ಅಲ್ಲಿಗೆ ಹೇಗೆ ಬಂತೆಂದರೆ, ಗೆರ್ಡಾ ಕಥೆ ಹೇಳಿದ ಮರುದಿನ ಬೆಳಿಗ್ಗೆ ನಾವು ಆರೂ ಜನ ಗುಮಾಸ್ತರು ಹಿಮದಲ್ಲಿ ಮನೆಯಿಂದ ಒಂದೊಂದು ಕುರ್ಚಿ ಹೊತ್ತುಕೊಂಡು ಕೆಲಸಕ್ಕೆ ಬಂದೆವು.

ಇಂತಿ ತಮ್ಮ ವಿಶ್ವಾಸಿ,
ಓಲಾಫ್ ಟ್ವೇಟ್
ನಿವೃತ್ತ ಗುಮಾಸ್ತ, ಮಿನ್ನೆಸೋಟ