ಮಗುಚಿಟ್ಟ ಲೋಟ

ಮಾರ್ಚ್ 20, ಬೆಳಿಗ್ಗೆ

ಇದನ್ನು ಬಿಡಿಸಿ ಓದುತ್ತಿರುವವರೇ, ಮುಚ್ಚಿಡಿ. ನಾಚಿಕೆ ಇಲ್ಲವೇ? ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕಾಗುಣಿತ ನೋಡಿ ನಗಲು ಬಂದಿದ್ದರೆ ಮೊದಲು ಹೋಗಿ ನಿಮ್ಮ ತಟ್ಟೆ ತೊಳೆದಿಡಿ. ಈ ಪುಸ್ತಕ ಇರುವುದು ಹಿಟ್ಟಿನ ಡಬ್ಬದ ಹಿಂದೆ. ಅಲ್ಲಿಗೆ ಕೈ ಹಾಕುವವಳು ಅಡುಗೆಯವಳಾದ ನಾನೊಬ್ಬಳೇ. ಓದುತ್ತಿದ್ದೀರಿ ಎಂದರೆ ಕದ್ದೇ ಓದುತ್ತಿದ್ದೀರಿ.

ನಾಳೆಯಿಂದ ಮೌನವಾರ. ಈಸ್ಟರ್ ತನಕ ಈ ಗುಡ್ಡದ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಚಳಿಗಾಲವೆಲ್ಲ ಮುಚ್ಚಿದ್ದ ಕೋಣೆಗಳ ಕಿಟಕಿ ತೆರೆದಾಯಿತು. ಕಂಬಳಿ ಕೊಡವಿ ಸೊಂಟ ಹಿಡಿಯಿತು. ಆಶ್ರಮದ ಜೀಪು ಓಡಿಸುವುದು ನನ್ನ ಮೊಮ್ಮಗಳು. ಎರಡು ಟ್ರಿಪ್ಪಿನಲ್ಲಿ ಅತಿಥಿಗಳನ್ನೆಲ್ಲ ಹತ್ತಿಸಿಕೊಂಡು ಬಂದಳು.

ಟೀಚರಮ್ಮನೂ ಬಂದರು. ರಿಟೈರ್ ಆದ ವರ್ಷದಿಂದ ತಪ್ಪಿಸಿಲ್ಲ. ಮಹಡಿಯ ಕೊನೆಯ ಕೋಣೆಯೇ ಆಗಬೇಕು. ಈ ಪುಸ್ತಕ ಕೊಟ್ಟವರೂ ಅವರೇ. "ಬಾಯಿಗೆ ಬಂದದ್ದೆಲ್ಲ ಆಡ್ಬೇಡಿ ಅಕ್ಕ, ಅರ್ಧ ಇದರಲ್ಲಿ ಬರೀರಿ" ಅಂದಿದ್ದರು. ಬರೆಯುತ್ತಿದ್ದೇನೆ. ಬಾಯಿಯ ಪಾಲೇನೂ ಕಡಿಮೆಯಾಗಿಲ್ಲ.

ಮಾರ್ಚ್ 20, ಸಂಜೆ

ಆಶ್ರಮ ನಡೆಸುವ ದೊಡ್ಡ ಸಿಸ್ಟರ್ ಆಫೀಸಿಗೆ ಕರೆದರು. ಹೋದ ವರ್ಷ ಮೌನವಾರದಲ್ಲಿ ಅಡುಗೆಮನೆಯ ಮಾತು ಮೇಲೆ ಕೇಳಿಸುತ್ತಿತ್ತಂತೆ. ದೂರು ಬಂದಿದೆಯಂತೆ. ಯಾರು ಅಂದರೆ ಹೇಳಲಿಲ್ಲ. ಹೊರಗೆ ಬಂದರೆ ಮೆಟ್ಟಿಲ ಹತ್ತಿರ ಟೀಚರಮ್ಮ.

"ನಾನೇ ಹೇಳಿದ್ದು ಅಕ್ಕ. ವರ್ಷಕ್ಕೊಂದು ವಾರ ಸುಮ್ಮನಿರೋಕೆ ಬರ್ತೀನಿ. ನಿಮ್ಮ ದನಿ ಗೋಡೆ ತೂರಿಕೊಂಡು ಬರುತ್ತೆ."

"ಗೋಡೆಗೆ ಹೇಳಿ, ನನಗ್ಯಾಕೆ ಹೇಳ್ತೀರಿ? ಆಯ್ತು ಬಿಡಿ. ಇನ್ನು ಈ ಬಾಯಿಂದ ನಿಮ್ಮ ಕಿವಿಗೆ ಒಂದಕ್ಷರ ಬೀಳಲ್ಲ."

"ನೋಡೋಣ, ನಾಳೆ ಮಧ್ಯಾಹ್ನದವರೆಗಾದ್ರೂ ತಡೀತೀರಾ ಅಂತ."

ನಕ್ಕರು. ಪಕ್ಕದಲ್ಲಿದ್ದ ತೋಟದವನೂ ನಕ್ಕ. ಅವನಿಗೆ ರಾತ್ರಿ ಬ್ರೆಡ್ಡಿನ ಗಟ್ಟಿ ತುದಿಯೇ ಕೊಟ್ಟೆ.

ಮಾರ್ಚ್ 22

ಮೌನ ಎಂದರೆ ಮೌನ. ಸೌಟು ಪಾತ್ರೆಗೆ ತಾಗದ ಹಾಗೆ ಸೂಪು ಬಡಿಸಿದ್ದೇನೆ. ಈ ವಾರ ಊಟ ಕೋಣೆಯ ಬಾಗಿಲಿಗೇ ಹೋಗಬೇಕು. ಹೊರಗಿನ ಸ್ಟೂಲಿನ ಮೇಲೆ ಟ್ರೇ, ಟ್ರೇಯಲ್ಲಿ ಲೋಟ ಮಗುಚಿ, ಧೂಳು ಬೀಳಬಾರದೆಂದು. ಉಣ್ಣುವವರು ಒಳಗೆ ತೆಗೆದುಕೊಳ್ಳುತ್ತಾರೆ. ಉಪವಾಸ ಇರುವವರು ಮುಟ್ಟುವುದಿಲ್ಲ, ಲೋಟ ಮಗುಚಿದಂತೆಯೇ ಇರುತ್ತದೆ. ಮಗುಚಿದ ಲೋಟ ಕಂಡರೆ ಬಾಗಿಲು ಬಡಿಯಬಾರದು, ಯಾಕೆ ಏನು ಎಂದು ಕೇಳಬಾರದು. ನಾನು ಬರುವ ಮೊದಲಿನಿಂದಲೂ ಇಲ್ಲಿಯ ನಿಯಮ.

ಸಂಜೆ ಟೀಚರಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಎಡಗೈ ಉಜ್ಜಿಕೊಳ್ಳುತ್ತಿದ್ದರು. ಏನೋ ಬೇಕಿತ್ತೋ, ರಾಜಿಗೆ ಬಂದಿದ್ದರೋ. ನಾನು ಒಲೆಯ ಕಡೆ ತಿರುಗಿಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಇರಲಿಲ್ಲ.

ಹಾಯೆನಿಸಿತು. ಯಾರಿಗೆ ತಡೆಯಲಾಗಲಿಲ್ಲ ಈಗ?

ಮಾರ್ಚ್ 23, ಮಧ್ಯಾಹ್ನ

ಕೊನೆಯ ಕೋಣೆಯ ಟ್ರೇ ಬೆಳಿಗ್ಗೆ ಇಟ್ಟಂತೆಯೇ ಇತ್ತು. ಲೋಟ ಮಗುಚಿದಂತೆಯೇ. ಎತ್ತಿಕೊಂಡು ಬಂದೆ. ಈಗ ಮಧ್ಯಾಹ್ನದ್ದೂ ಹಾಗೇ.

ಸಕ್ಕರೆ ಕಾಯಿಲೆಯವರು. ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣುವವರು. ಇಷ್ಟು ವರ್ಷದಲ್ಲಿ ಒಂದು ತುತ್ತು ಬಿಟ್ಟಿದ್ದು ಕಂಡಿಲ್ಲ... ನನ್ನ ಮೇಲಿನ ಸಿಟ್ಟನ್ನು ಸೂಪಿನ ಮೇಲೆ ತೀರಿಸಿಕೊಳ್ಳುತ್ತಿರಬೇಕು. ತೀರಿಸಿಕೊಳ್ಳಲಿ. ನಿಯಮ ನಿಯಮವೇ. ಬಡಿಯಬಾರದು — ಬಡಿಯಲಿಲ್ಲ.

ಮಾರ್ಚ್ 27

ಪೆನ್ನು ಹಿಡಿಯಲು ಇವತ್ತು ಕೈ ಬಂತು.

ಮಂಗಳವಾರ ಸಂಜೆ ಮೂರನೇ ಟ್ರೇ ಒಯ್ದೆ. ಸ್ಟೂಲಿನ ಮೇಲೆ ಇಡುವಾಗ ಒಳಗೆ ಸದ್ದು. ಹಲಗೆ ನೆಲವನ್ನು ಉಗುರಿನಿಂದ ಕೆರೆದ ಹಾಗೆ. ಬಾಗಿಲಿಗೆ ಕೈ ಎತ್ತಿದೆ. ಎತ್ತಿದ ಕೈ ಹಾಗೇ ಇತ್ತು. ಆ ನಗು ನೆನಪಾಯಿತು, ತೋಟದವನ ಎದುರಿಗೆ ನಕ್ಕ ನಗು. ಕೈ ಇಳಿಸಿ ಕೆಳಗೆ ಬಂದೆ. ದೊಡ್ಡ ಹಂಡೆ ತೊಳೆದೆ. ತಳ ಹಿಡಿದಿತ್ತು, ಬೂದಿ ಹಾಕಿ ತಿಕ್ಕಿದೆ. ಆಮೇಲೆ ತಡೆಯಲಾಗದೆ ಮೇಲೆ ಹೋಗಿ ಬಾಗಿಲು ದೂಡಿದೆ.

ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣುಗಳು ತೆರೆದಿದ್ದವು. ನನ್ನನ್ನೇ ನೋಡಿದವು.

ನಾನು ಕೂಗಿದ್ದು ತೋಟದ ಆಚೆಗೂ ಕೇಳಿಸಿತಂತೆ. ಆಫೀಸಿನಿಂದ ಮೊಮ್ಮಗಳಿಗೆ ಫೋನು ಹೋಯಿತು, ಜೀಪು ಬಂತು. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಮಾತಾಡಿದೆ. ಈರುಳ್ಳಿ ಕೊಳೆತದ್ದು, ತೋಟದವನ ಗೊರಕೆ, ಬಾಯಿಗೆ ಬಂದದ್ದೆಲ್ಲ. ಅವರ ಬಲಗೈ ನನ್ನ ಸೆರಗು ಹಿಡಿದುಕೊಂಡಿತ್ತು.

ಡಾಕ್ಟರು ಕೇಳಿದರು: "ಬೆಳಿಗ್ಗೆನೇ ಯಾಕೆ ಕರ್ಕೊಂಡು ಬರಲಿಲ್ಲ?"

ದೊಡ್ಡ ಸಿಸ್ಟರ್ ನಿಯಮದ ವಿಷಯ ಹೇಳಿದರು. ನಾನು ಗೋಡೆ ನೋಡಿದೆ. ಜೀವಕ್ಕೆ ಅಪಾಯವಿಲ್ಲ. ಲಕ್ವ ಹೊಡೆದ ಎಡಭಾಗ ನಿಧಾನಕ್ಕೆ ಸರಿಹೋಗಬಹುದಂತೆ. ಮಾತು ಬರಬಹುದು, ಬಾರದೆಯೂ ಇರಬಹುದು.

ಮಾರ್ಚ್ 28, ಈಸ್ಟರ್

ಮೌನ ಮುಗಿಯಿತು. ಹಾಲ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಮಾತು. ಪ್ರಾರ್ಥನೆಯಲ್ಲಿ ನನಗಾಗಿ ದೇವರಿಗೆ ವಂದನೆ ಹೇಳಿದರು. ನಿಯಮ ಮುರಿದು ಜೀವ ಉಳಿಸಿದವಳಂತೆ. ಒಬ್ಬ ಹೆಂಗಸು ಬಂದು ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ಕೈಯನ್ನು ಎಲ್ಲಿ ಬಚ್ಚಿಡಲಿ?

ಬ್ರೆಡ್ಡು ಸೀದುಹೋಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಂದು ತುತ್ತು ಇಳಿಯುತ್ತಿತ್ತು.

ಮಾರ್ಚ್ 30

ದೊಡ್ಡ ಸಿಸ್ಟರ್ ಹತ್ತಿರ ಹೋಗಿ ನಿಂತೆ.

"ಅವತ್ತು ಬೆಳಿಗ್ಗೆನೇ ನನಗೆ ಅನುಮಾನ ಬಂದಿತ್ತು ಸಿಸ್ಟರ್."

"ನೀವು ನಿಯಮದಂತೆ ನಡ್ಕೊಂಡ್ರಿ ಅಜ್ಜಿ. ಮನಸ್ಸಿಗೆ ಹಚ್ಕೋಬೇಡಿ."

"ನಿಯಮ ನಾನು ಯಾವತ್ತು ಪಾಲಿಸಿದ್ದೀನಿ? ಮೌನವಾರದಲ್ಲಿ ಬೆಕ್ಕಿಗೂ ಬೈದವಳು ನಾನು. ಸಿಟ್ಟಿತ್ತು. ನಿಯಮದ ಹಿಂದೆ ಅಡಗಿ ಕೂತೆ."

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಇದನ್ನ ನನಗೆ ಹೇಳಿದ್ರೆ ಏನು ಬಂತು ಅಜ್ಜಿ? ಅವರಿಗೆ ಹೇಳಿ."

ಕ್ಷಮಿಸಿದೆ ಅನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಬುದ್ಧಿವಂತೆ.

ಏಪ್ರಿಲ್ 18

ಅತಿಥಿಗಳೆಲ್ಲ ಇಳಿದು ಹೋಗಿ ಎಷ್ಟೋ ದಿನವಾಯಿತು. ತೋಟದಲ್ಲಿ ಬಟಾಣಿ ಹಬ್ಬಿದೆ. ಲೋಟಗಳನ್ನೆಲ್ಲ ಈಗ ನೆಟ್ಟಗೇ ಇಡುತ್ತೇನೆ, ಮೇಲೆ ತಟ್ಟೆ ಮುಚ್ಚಿ. ದೊಡ್ಡ ಸಿಸ್ಟರ್ ನೋಡಿದರು. ತಲೆಯಾಡಿಸಿ ಮುಂದೆ ಹೋದರು.

ಮೊಮ್ಮಗಳು ಸಾಮಾನು ತಂದಳು. ಟೀಚರಮ್ಮ ಕೆಳಗೆ ತಂಗಿಯ ಮನೆಯಲ್ಲಿದ್ದಾರೆ, ನೋಡಿಕೊಂಡು ಬಂದಳಂತೆ.

"ಮಾತು?"

"ಒಂದೊಂದು ಬರುತ್ತೆ. ನನ್ನ ನೋಡಿ 'ಅಕ್ಕ' ಅಂದ್ರು."

"ಅಕ್ಕ, ಆಮೇಲೆ?"

"ಅಷ್ಟೇ ಅಜ್ಜಿ. ಕರೆದ್ರೋ ಬೈದ್ರೋ ನನಗೇನು ಗೊತ್ತು? ನೀನೇ ಬಂದು ಕೇಳು, ಜೀಪು ಖಾಲಿ ಇದೆ."

"ಒಲೆ ಯಾರು ನೋಡ್ತಾರೆ, ನಿನ್ನ ಗಂಡನಾ?"

"ಹೋದ ತಿಂಗಳು ಒಲೆ ಬಿಟ್ಟು ಬಂದೆಯಲ್ಲ."

ಬಾಯಿ ನನ್ನದೇ, ಅವಳಿಗೆ ಬಂದಿದೆ. ಹೋಗಲಿಲ್ಲ. ಆ ಕಣ್ಣಿಗೆ ಹೆದರುತ್ತೇನೆ. ಬಿದ್ದಲ್ಲಿಂದ ಅವರಿಗೆ ನನ್ನ ಹೆಜ್ಜೆ ಕೇಳಿಸಿರಬೇಕು. ನಾನು ಕಾಲು ಎಳೆದು ನಡೆಯುವ ಸದ್ದು ಆ ಮಹಡಿಯಲ್ಲಿ ಯಾರಿಗೆ ಗೊತ್ತಿಲ್ಲ? ಬಂತು. ನಿಂತಿತು. ಹೋಯಿತು.

ಏಪ್ರಿಲ್ 24, ಬೆಳಿಗ್ಗೆ

ಜೀಪು ಹೊರಡುವುದರಲ್ಲಿದೆ. ಕೊನೆಯ ಕೋಣೆಯ ಲೋಟ ಬಟ್ಟೆಯಲ್ಲಿ ಸುತ್ತಿ ಮೊಮ್ಮಗಳ ಕೈಗೆ ಕೊಟ್ಟೆ. ಹೇಳಬೇಕಾದ ಮಾತನ್ನು ಎರಡು ಸಲ ಬಾಯಿಪಾಠ ಮಾಡಿಸಿದೆ. ನನ್ನ ಮುಖ ಬೇಡ ಅನ್ನಿಸಿದರೆ ಲೋಟ ಮಗುಚಿಡಲಿ. ಬರಬಹುದು ಅನ್ನಿಸಿದರೆ ನೆಟ್ಟಗಿಡಲಿ. ಬಲಗೈ ಸಾಕು.

"ತಿರುವಿನಲ್ಲಿ ಉರುಳಿಹೋಗುತ್ತೆ ಅಜ್ಜಿ. ಹೇಗಿಟ್ರು ಅಂತ ಇಲ್ಲಿ ನಿನಗೆ ಹೇಗೆ ಗೊತ್ತಾಗಬೇಕು?"

"ನಿನಗೆ ಕಣ್ಣಿಲ್ವಾ? ನೋಡ್ಕೊಂಡು ಬಂದು ಹೇಳು."

"ಮಗುಚಿಟ್ರೆ?"

ಮಗುಚಿಟ್ಟರೂ ಹೋಗಿ ಬಾಗಿಲು ಬಡಿಯುತ್ತೇನೆ. ಅದನ್ನು ಅವಳಿಗೆ ಹೇಳಲಿಲ್ಲ.

ಟೀಚರಮ್ಮ, ಈ ಪುಸ್ತಕ ನಿಮ್ಮ ಕೈಗೆ ಬರುವುದಿಲ್ಲ, ಆದರೂ ಕೇಳಿಸಿಕೊಳ್ಳಿ. ಕೈ ಎತ್ತಿ ಇಳಿಸಿದ್ದು ನಾನು. ನಿಯಮ ಅಲ್ಲ, ನಾನು. ಬೈಯಬೇಕಿದ್ದರೆ ಇರುವ ಒಂದು ಮಾತಿನಲ್ಲೇ ಬೈಯಿರಿ. ಮೇ ಹುಟ್ಟುವುದರೊಳಗೆ ಉತ್ತರ ಬರಬೇಕು. ಮಗುಚಿಯಾದರೂ ಸರಿ, ನೆಟ್ಟಗಾದರೂ ಸರಿ. ಮುಟ್ಟದೆ ಮಾತ್ರ ಹಾಗೇ ಬಿಡಬೇಡಿ.