ಕಾಯಿಸಿದರೆ ಹಿಂದಕ್ಕೆ

ಕಾರ್ಖಾನೆ ವಸತಿ, ಹದಿನಾಲ್ಕನೇ ಮನೆ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊಸ ಊರಿನ ನೀರು ಒಗ್ಗಿತೇ? ಸೊಂಟನೋವು ಹೇಗಿದೆ? ಅತ್ತಿಗೆಯ ಕೆಮ್ಮು ವಾಸಿಯಾಗಿರಬೇಕು. ಎಷ್ಟು ಸಿಟ್ಟಿದ್ದರೂ ಆರೋಗ್ಯ ವಿಚಾರಿಸದೆ ಕಾಗದ ಶುರುಮಾಡಲು ಕೈ ಬರುವುದಿಲ್ಲ ನೋಡು. ಅಮ್ಮ ಅಂಟಿಸಿದ ಚಾಳಿ.

ಇವರ ಎಡಗಣ್ಣಿನ ಕಟ್ಟು ಮಂಗಳವಾರ ಬಿಚ್ಚಿದರು. ಕಿಟಕಿ ಯಾವ ಕಡೆಗಿದೆ ಎಂಬಷ್ಟು ಗೊತ್ತಾಗುತ್ತದೆ. ಬಲಗಣ್ಣು ಹೋಯಿತು. ಅಮೋನಿಯಾ ಇಳಿದ ಎದೆಯಿಂದ ಇನ್ನೂ ಗರಗಸದ ಸದ್ದು. ಇಪ್ಪತ್ತೆರಡು ವರ್ಷ ಕಂಟ್ರೋಲ್ ರೂಮಿನ ಮಾಪಕಗಳ ಮುಳ್ಳುಗಳ ಮೇಲೆ ಕಣ್ಣಿಟ್ಟವರು ಈಗ ನೀರಿನ ಲೋಟಕ್ಕಾಗಿ ಮೇಜು ತಡವುತ್ತಾರೆ. ಸಿಗದಿದ್ದರೆ ಕೇಳುವುದಿಲ್ಲ, ಬಾಯಾರಿಕೊಂಡೇ ಕೂರುತ್ತಾರೆ. "ನಂದೇ ತಪ್ಪು ಬಿಡು. ವಾಲ್ವ್ ಉಲ್ಟಾ ತಿರುಗಿಸಿಬಿಟ್ಟೆ ಅಂತ ಭಾವ ಹೇಳಿದ್ರಲ್ಲ" ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಅವರ ಕೈ ಹಿಡಿದುಕೊಂಡು ನೀನು ಹೇಳಿದ ಮಾತು ಅದು. ನಾನು ಬಾಗಿಲಲ್ಲಿ ನಿಂತು ಕೇಳಿದೆ, ನಂಬಿದೆ ಕೂಡ. ಆ ಘಟಕದ ಇಂಜಿನಿಯರ್ ನೀನು. ಮೇಲಾಗಿ ನನ್ನ ಒಡಹುಟ್ಟಿದವನು.

ಕಳೆದ ವಾರ ಮೀಟರ್ ಮಾಮ ಬಂದಿದ್ದರು. ಅದೇ, ಕಾರ್ಖಾನೆಯ ಮಾಪಕಗಳನ್ನೆಲ್ಲ ರಿಪೇರಿ ಮಾಡುವ ಮುದುಕ. ಬಂದವರು ಮೊದಲು ನಮ್ಮ ಗೋಡೆ ಗಡಿಯಾರ ತಿದ್ದಿಯೇ ಕೂತರು. ಅಪಘಾತವಾದ ತಿಂಗಳ ಒತ್ತಡ, ಉತ್ಪಾದನೆಯ ಗೆರೆಗಳಿದ್ದ ಚಾರ್ಟ್‌ಗಳ ನಕಲನ್ನು ಮೇಜಿನ ಮೇಲಿಟ್ಟು, "ನೀನು ಕೆಮಿಸ್ಟ್ರಿ ಟೀಚರ್ ಅಲ್ವೇನಮ್ಮಾ, ನೀನೇ ಓದ್ಕೊ" ಎಂದರು.

ಓದಿದೆ. ಓದಲು ಕಲಿಸಿದವನು ನೀನೇ. ಕಾಲೇಜು ಸೇರಿದ ವರ್ಷ ಸಮತೋಲನದ ಪಾಠ ತಲೆಗೆ ಹತ್ತದೆ ನಾನು ಅಳುತ್ತಿದ್ದಾಗ, "ಎರಡೂ ಕಡೆ ಓಡಾಟ ನಡೀತಾನೇ ಇರುತ್ತೆ ಪೆದ್ದಿ, ಸಮ ಇರೋದ್ರಿಂದ ನಿಂತ ಹಾಗೆ ಕಾಣುತ್ತೆ. ನೀನು ಅದರ ಮೇಲೆ ಏನು ಹೇರ್ತೀಯೋ, ಅದನ್ನ ತಗ್ಗಿಸೋ ಕಡೆಗೆ ಸರಿಯುತ್ತೆ" ಎಂದಿದ್ದೆ. ಇವತ್ತಿಗೂ ನನ್ನ ಮಕ್ಕಳಿಗೆ ತರಗತಿಯಲ್ಲಿ ಅದೇ ಮಾತು ಹೇಳುತ್ತೇನೆ.

ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕ ಹಳೆಯದಾಗಿ ಅಮೋನಿಯಾ ಆಗುವುದು ನಿಧಾನವಾಗಿತ್ತು. ಬದಲಾಯಿಸಬೇಕೆಂದರೆ ಹದಿನೈದು ದಿನ ಘಟಕ ನಿಲ್ಲಿಸಬೇಕು. ನಿನ್ನ ಬಡ್ತಿ ತೀರ್ಮಾನವಾಗುವ ತಿಂಗಳು ಅದು. ಹಾಗಾಗಿ ನೀನು ಕಾಯಿಸಿದೆ. ಕ್ರಿಯೆ ಚುರುಕಾಯಿತು, ನಿಜ. ಆದರೆ ಅದು ಶಾಖ ಹೊರಬಿಡುವ ಕ್ರಿಯೆ. ಅತಿಯಾಗಿ ಕಾಯಿಸಿದರೆ ಆದ ಅಮೋನಿಯಾವೇ ಒಡೆದು ಹಿಂದಕ್ಕೆ ಸರಿಯುತ್ತದೆ. ವಾರದೊಳಗೆ ಉತ್ಪಾದನೆಯ ಗೆರೆ ಇಳಿದಿದೆ. ಅದನ್ನು ಮುಚ್ಚಿಕೊಳ್ಳಲು ನೀನು ಒತ್ತಡ ಏರಿಸಿದೆ. ನಾಲ್ಕು ಪಾಲು ಅನಿಲ ಎರಡು ಪಾಲಾಗುವ ಕ್ರಿಯೆ, ಅದುಮಿದರೆ ಮುಂದಕ್ಕೆ ಬರಲೇಬೇಕು. ಬಂತು. ಗೆರೆ ಏರಿತು, ನಿನಗೆ ಶಭಾಷ್‌ಗಿರಿಯೂ ಸಿಕ್ಕಿತು. ತಡೆಯಲಾರದೆ ಹೋದದ್ದು ಕೊಳವೆಯ ಕೀಲು ಸೋರದಂತೆ ಕೂರಿಸಿದ ಹಳೇ ಗ್ಯಾಸ್ಕೆಟ್. ಹನ್ನೊಂದು ದಿನ ಮಿತಿ ಮೀರಿದ ಒತ್ತಡ, ಅಣ್ಣಾ. ಪ್ರತಿ ಏರಿಕೆಯ ಪಕ್ಕದಲ್ಲೂ ನಿನ್ನ ಸಹಿ. ಇವರು ವಾಲ್ವ್ ಮುಟ್ಟಿದ್ದು ಸೋರಿಕೆ ಶುರುವಾಗಿ ನಾಲ್ಕು ನಿಮಿಷದ ಮೇಲೆ. ಆ ಬಿಳಿ ಮೋಡದೊಳಗೆ ನುಗ್ಗಿ ತಿರುಗಿಸಿದ್ದು ಮುಚ್ಚುವ ಕಡೆಗೆ. ಅವರು ಮುಚ್ಚಿದ ಮೇಲೆಯೇ ಒತ್ತಡದ ಗೆರೆ ಬಿದ್ದಿದೆ. ಆ ಪಾಳಿಯ ಉಳಿದ ಒಂಬತ್ತು ಜನ ನಡೆದುಕೊಂಡು ಮನೆಗೆ ಹೋದರು.

"ನಾನೇ ಏರಿಸು ಅಂದಿದ್ದೆ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಣ್ಣು ಹೋದರೂ ಮಾನ ಉಳಿಯುತ್ತಿತ್ತು. ನೀನು ತಪ್ಪನ್ನು ಅವರ ತಲೆಗೆ ಕಟ್ಟಿ, ಹಣ್ಣಿನ ಬುಟ್ಟಿ ಇಟ್ಟು ಹೋದೆ.

ಅತ್ತಿಗೆಗೆ ನಮಸ್ಕಾರ. ನಿನ್ನ ಮಗಳಿಗೆ ನನ್ನ ಆಶೀರ್ವಾದ ಎಂದಿನಂತೆಯೇ ಇದೆ; ಅವಳೇನು ಮಾಡಿಯಾಳು ಪಾಪ.

ನಿನ್ನ ತಂಗಿ
(ಅದನ್ನು ಬದಲಾಯಿಸಲು ಇಬ್ಬರಿಗೂ ಆಗದು)

ಅವಸರದಲ್ಲಿ ಇನ್ನೊಂದು: ನಿನ್ನೆ ಇವರಿಗೆ ಚಾರ್ಟ್ ಓದಿ ಹೇಳಿದೆ. "ಹಾಗಾದ್ರೆ ನಾನು ಸರಿಯಾಗೇ ತಿರುಗಿಸಿದ್ದೆ" ಎಂದು ಎರಡು ಸಲ ಹೇಳಿಕೊಂಡರು. ಆಮೇಲೆ, "ಭಾವಂಗೆ ಬರಿ, ಅಲ್ಲೂ ವೇಗವರ್ಧಕ ಹಳೇದಿದ್ರೆ ಬದಲಾಯಿಸ್ಲಿ, ಕಾಯಿಸೋದು ಬೇಡ" ಎಂದರು. ಅದು ಅವರ ಒಳ್ಳೆಯತನ. ನನ್ನಲ್ಲಿ ಅಷ್ಟು ಉಳಿದಿಲ್ಲ. ನಾಳೆ ವಿಚಾರಣಾ ಸಮಿತಿಯ ಮುಂದೆ ಹೇಳಿಕೆ ಕೊಡುತ್ತಿದ್ದೇನೆ. ಈ ಕಾಗದಕ್ಕಿಂತ ಮೊದಲೇ ನಿನಗೆ ಸಮಿತಿಯ ಕರೆ ಬರಬಹುದು. ನೀನು ಇಲ್ಲಿಗೆ ಬಂದಾಗ ನಮ್ಮ ಮನೆಯಲ್ಲಿ ಇಳಿಯಬೇಡ.